ಹೈಕು ಇನ್‌ಸ್ಟಾಲ್ ಆಗುತ್ತಿಲ್ಲ, ನಾಲ್ಕನೆಯ ಚಿತ್ರದ ಬಳಿ ನಿಂತುಬಿಡುತ್ತಿದೆ

ತೋಟದಮನೆ, ಸುಂಟಿಕೊಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಆಫೀಸಿನಲ್ಲಿ ಕಾರ್ಮಿಕರ ಹಾಜರಿಯನ್ನೂ ಕೊಯ್ಲಿನ ಲೆಕ್ಕವನ್ನೂ ಬರೆಯುತ್ತಿದ್ದ 2013ರ ಲ್ಯಾಪ್‌ಟಾಪ್ ಒಂದು ಎರಡು ಮಳೆಗಾಲದಿಂದ ಕಪಾಟಿನಲ್ಲೇ ಉಳಿದಿದೆ. ಅದರಲ್ಲಿರುವುದು 64 ಬಿಟ್ ಪ್ರೊಸೆಸರ್, 2 ಜಿಬಿ ರ‍್ಯಾಮ್ ಮತ್ತು ಹಳೆಯ ತಿರುಗುವ ಹಾರ್ಡ್‌ಡಿಸ್ಕ್. ವಿಂಡೋಸ್ ತೆರೆದುಕೊಳ್ಳಲು ಹತ್ತು ನಿಮಿಷ ಹಿಡಿಯುತ್ತದೆ. ಏಳನೆಯ ತರಗತಿಯ ಮಗಳಿಗೆ ಟೈಪಿಂಗ್ ಕಲಿಯಲು ಇದು ಸಾಕಲ್ಲ ಎಂದುಕೊಂಡು, ಹಗುರವಾದ ಆಪರೇಟಿಂಗ್ ಸಿಸ್ಟಮ್ ಎಂದು ಕೇಳಿದ್ದ ಹೈಕುವಿನ ಬೀಟಾ 5 ಅನ್ನು ಇಳಿಸಿಕೊಂಡು, ಎಚರ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದೆ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಹೈಕುವಿನ ಹೆಸರು ಬರುತ್ತದೆ, ಕೆಳಗಿನ ಏಳು ಚಿಕ್ಕ ಚಿತ್ರಗಳು ಒಂದೊಂದಾಗಿ ಬೆಳಗತೊಡಗುತ್ತವೆ, ನಾಲ್ಕನೆಯದರ ಬಳಿ ಎಲ್ಲವೂ ನಿಂತುಹೋಗಿ ಪರದೆಯ ತುಂಬ ಅಕ್ಷರಗಳು ಬರುತ್ತವೆ. ಅದರಲ್ಲಿ ನನಗೆ ಅರ್ಥವಾದ ಒಂದೇ ಸಾಲು ‘ಪ್ಯಾನಿಕ್: ಡಿಡ್ ನಾಟ್ ಫೈಂಡ್ ಎನಿ ಬೂಟ್ ಪಾರ್ಟಿಷನ್ಸ್’, ಅಂದರೆ ಬೂಟ್ ಆಗಲು ಬೇಕಾದ ಡಿಸ್ಕ್‌ನ ಭಾಗ (ಪಾರ್ಟಿಷನ್) ಸಿಗಲಿಲ್ಲ ಎಂಬುದು. ಮೂರು ಬಾರಿ ಪೆನ್‌ಡ್ರೈವ್ ಬರೆದು ನೋಡಿದೆ, ಮೂರು ಬಾರಿಯೂ ಅದೇ ಜಾಗ, ಅದೇ ಸಾಲು. ಯಂತ್ರವೇ ಹಾಳಾಗಿದೆಯೋ ಅಥವಾ ನಾನು ಏನಾದರೂ ತಪ್ಪು ಮಾಡುತ್ತಿದ್ದೇನೋ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಕುಶಾಲನಗರ ವಿದ್ಯಾರ್ಥಿ
ಅಕ್ಕ, ಇಳಿಸಿಕೊಂಡ ಕಡತವೇ ಕೆಟ್ಟಿರಬಹುದು. ಮೊದಲು ಅದನ್ನು ಅಳಿಸಿ ಮತ್ತೊಮ್ಮೆ ಇಳಿಸಿಕೊಳ್ಳಿ.

ಗೋಣಿಕೊಪ್ಪ ರಿಪೇರಿ
ಇನ್ನೊಮ್ಮೆ ಇಳಿಸಿಕೊಳ್ಳಿ ಎಂದು ಹೇಳುವುದು ಸುಲಭ, ಆದರೆ ಮಳೆಗಾಲದಲ್ಲಿ ತೋಟದ ಮನೆಯ ನೆಟ್‌ವರ್ಕ್‌ನಲ್ಲಿ ಅಷ್ಟು ದೊಡ್ಡ ಕಡತ ಇಳಿಯಲು ರಾತ್ರಿಯಿಡೀ ಬೇಕು. ಹೈಕುವಿನ ಡೌನ್‌ಲೋಡ್ ಪುಟದಲ್ಲಿಯೇ ಶಾ 256 ಮೊತ್ತವನ್ನು, ಅಂದರೆ ಕಡತ ಕೆಡದೆ ಇಳಿದಿದೆಯೇ ಎಂದು ತಾಳೆ ನೋಡುವ ಅಕ್ಷರ, ಅಂಕೆಗಳ ಸಾಲನ್ನು, ಕೊಟ್ಟಿರುತ್ತಾರೆ. ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆಯಿಂದ ನಿಮ್ಮ ಕಡತದ ಮೊತ್ತವನ್ನು ತೆಗೆದು ಎರಡನ್ನೂ ಹೋಲಿಸಿ ನೋಡಿದರೆ ಒಂದು ನಿಮಿಷದಲ್ಲಿ ವಿಷಯ ಇತ್ಯರ್ಥವಾಗುತ್ತದೆ. ಅದು ಸರಿಯಿದ್ದರೆ ಕಡತದ ಮಾತನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ತೋಟದಮನೆ, ಸುಂಟಿಕೊಪ್ಪ
ಈಗಷ್ಟೇ ಹೋಲಿಸಿದೆ ಅಣ್ಣ, ಮೊದಲ ಎಂಟು ಅಕ್ಷರಗಳೂ ಕೊನೆಯ ಎಂಟು ಅಕ್ಷರಗಳೂ ತಾಳೆಯಾಗುತ್ತವೆ.

ಗೋಣಿಕೊಪ್ಪ ರಿಪೇರಿ
ಹಾಗಾದರೆ ಕಡತ ಸರಿಯಾಗಿದೆ.

ವಿರಾಜಪೇಟೆ ಓದುಗ
ಇಷ್ಟು ಕಷ್ಟಪಡುವ ಬದಲು ಹಗುರವಾದ ಲಿನಕ್ಸ್ ಒಂದನ್ನು ಹಾಕಿಕೊಳ್ಳಬಾರದೇ? ಲಿನಕ್ಸ್ ಆದರೆ ಕೇಳಿದ ಕಡೆಯಲ್ಲೆಲ್ಲ ಉತ್ತರ ಸಿಗುತ್ತದೆ. ಹೈಕುವಿನ ಹೆಸರನ್ನು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಕೇಳಿದ್ದಾರೆ? ಬೀಟಾ ಎಂದು ಅವರೇ ಬರೆದುಕೊಂಡಿರುವ ವ್ಯವಸ್ಥೆಯನ್ನು ಮಗುವಿನ ಕೈಗೆ ಕೊಡುವುದರಲ್ಲಿ ಅರ್ಥವಿಲ್ಲ.

ಮಡಿಕೇರಿ ಮೇಷ್ಟ್ರು
ಓದುಗರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ತೋಟದಮನೆಯ ಅಕ್ಕ ಕೇಳಿರುವ ಪ್ರಶ್ನೆ ಅದಲ್ಲ. ಹೈಕು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಬಿ ಎಂಬ ಕಂಪನಿ ತೊಂಬತ್ತರ ದಶಕದಲ್ಲಿ ರೂಪಿಸಿದ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಅನ್ನು 2001ರಲ್ಲಿ ಆ ಕಂಪನಿಯ ಆಸ್ತಿಯೊಂದಿಗೆ ಪಾಮ್ ಎಂಬ ಇನ್ನೊಂದು ಕಂಪನಿ ಕೊಂಡುಕೊಂಡಾಗ, ಅದರ ಅಭಿಮಾನಿಗಳು ಅದೇ ವರ್ಷ ಅದನ್ನು ಮುಕ್ತ ತಂತ್ರಾಂಶವಾಗಿ ಮೊದಲಿನಿಂದ ಬರೆಯಲು ಆರಂಭಿಸಿದರು. 2004ರಲ್ಲಿ ಅದಕ್ಕೆ ಹೈಕು ಎಂಬ ಹೆಸರು ಬಂತು. ಮೊದಲ ಬೀಟಾ 2018ರಲ್ಲಿಯೂ ಐದನೆಯ ಬೀಟಾ 2024ರ ಸೆಪ್ಟೆಂಬರ್‌ನಲ್ಲಿಯೂ ಹೊರಬಂದವು. 384 ಎಂಬಿ ರ‍್ಯಾಮ್ ಇದ್ದರೂ ನಡೆಯುವಂತೆ ಮಾಡಿದ್ದಾರೆ, ಆದ್ದರಿಂದ 2 ಜಿಬಿ ಇರುವ ಯಂತ್ರಕ್ಕೆ ಅದನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇದೆ.

ಇನ್ನು ಮುಖ್ಯ ವಿಷಯ. ಆ ಏಳು ಚಿತ್ರಗಳು ಅಲಂಕಾರಕ್ಕೆಂದು ಇಟ್ಟವಲ್ಲ, ಬೂಟ್ ಆಗುವ ಒಂದೊಂದು ಹಂತಕ್ಕೂ ಒಂದೊಂದು ಚಿತ್ರವಿದೆ. ಪರಮಾಣುವಿನ ಚಿತ್ರ ಬೆಳಗಿದಾಗ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಭಾಗಗಳು ಸಿದ್ಧವಾಗುತ್ತವೆ, ಎರಡನೆಯದರಲ್ಲಿ ಮೂಲ ಕಡತ ವ್ಯವಸ್ಥೆ ಏಳುತ್ತದೆ, ಕಾರ್ಡ್‌ನ ಚಿತ್ರದಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಭಾಗ ಶುರುವಾಗುತ್ತದೆ, ನಾಲ್ಕನೆಯದು ಬೂಟ್ ಡಿಸ್ಕ್ ಅನ್ನು ಹುಡುಕಿ ಮೌಂಟ್ ಮಾಡುವ, ಅಂದರೆ ಬಳಕೆಗೆ ತೆರೆದುಕೊಳ್ಳುವ ಹಂತ. ಆಮೇಲೆ ಚಿಪ್, ಫೋಲ್ಡರ್, ಕೊನೆಗೆ ರಾಕೆಟ್. ನಿಮ್ಮದು ನಾಲ್ಕರಲ್ಲಿ ನಿಂತಿದೆ ಎಂದರೆ ಮೊದಲ ಮೂರು ಹಂತಗಳು ದಾಟಿವೆ, ಅಂದರೆ ನಿಮ್ಮ ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡ್‌ಗಳ ಬಗ್ಗೆ ಹೈಕುವಿಗೆ ಸದ್ಯಕ್ಕೆ ತಕರಾರಿಲ್ಲ.

ಕುಶಾಲನಗರ ವಿದ್ಯಾರ್ಥಿ
ಮೇಷ್ಟ್ರೇ, ಒಂದು ಸಂದೇಹ. ಪೆನ್‌ಡ್ರೈವ್‌ನಿಂದಲೇ ಬೂಟ್ ಆಗಿ ನಾಲ್ಕನೆಯ ಚಿತ್ರದವರೆಗೆ ಬಂದಿರುವಾಗ, ಅದೇ ಪೆನ್‌ಡ್ರೈವ್ ಸಿಗುತ್ತಿಲ್ಲ ಎಂದು ಅದು ಹೇಳುವುದು ಹೇಗೆ ಸಾಧ್ಯ? ನನಗೆ ಇದು ತರ್ಕಕ್ಕೆ ನಿಲುಕುತ್ತಿಲ್ಲ.

ಮಡಿಕೇರಿ ಮೇಷ್ಟ್ರು
ಬಹಳ ಒಳ್ಳೆಯ ಪ್ರಶ್ನೆ, ಇದರ ಉತ್ತರ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ. ಮೊದಲು ಓಡುವುದು ಕರ್ನಲ್ ಅನ್ನು ಮೆಮೊರಿಗೆ ತರುವ ಬೂಟ್ ಲೋಡರ್. ಅದಕ್ಕೆ ಸ್ವಂತದ ಯುಎಸ್‌ಬಿ ಡ್ರೈವರ್ ಬೇಕಿಲ್ಲ, ಯಂತ್ರ ಆನ್ ಆದಾಗ ಮೊದಲು ಏಳುವ, ಲ್ಯಾಪ್‌ಟಾಪ್‌ನಲ್ಲೇ ಇರುವ ತಂತ್ರಾಂಶ (ಹಳೆಯ ಬಗೆಯದು ಬಯಾಸ್, ಹೊಸ ಬಗೆಯದು ಯುಇಎಫ್‌ಐ) ಓದಿಕೊಟ್ಟದ್ದನ್ನು ಅದು ತೆಗೆದುಕೊಳ್ಳುತ್ತದೆ. ಕರ್ನಲ್ ಮೆಮೊರಿಗೆ ಬಂದು ಕುಳಿತ ಮೇಲೆ ಆ ಸಹಾಯ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೈಕು ತನ್ನದೇ ಡ್ರೈವರ್‌ಗಳಿಂದ ಅದೇ ಪೆನ್‌ಡ್ರೈವ್ ಅನ್ನು ಹೊಸದಾಗಿ ಹುಡುಕಬೇಕು. ಆ ಯುಎಸ್‌ಬಿ ಕಂಟ್ರೋಲರ್ ಜೊತೆ ಹೈಕುವಿನ ಡ್ರೈವರ್ ಸರಿಯಾಗಿ ಹೊಂದಿಕೊಳ್ಳದಿದ್ದರೆ ಒಂದು ಕ್ಷಣ ಹಿಂದೆ ಕಾಣುತ್ತಿದ್ದ ಪೆನ್‌ಡ್ರೈವ್ ಕಾಣದಂತಾಗುತ್ತದೆ, ಆಗ ಬರುವುದೇ ಆ ಪ್ಯಾನಿಕ್ ಸಾಲು.

ಆದ್ದರಿಂದ ನನ್ನ ಪ್ರಶ್ನೆ: ಪೆನ್‌ಡ್ರೈವ್ ಅನ್ನು ಯಾವ ಬಣ್ಣದ ಪೋರ್ಟ್‌ಗೆ ಚುಚ್ಚಿದ್ದೀರಿ?

ತೋಟದಮನೆ, ಸುಂಟಿಕೊಪ್ಪ
ಎಡಗಡೆ ಒಳಗೆ ನೀಲಿ ಬಣ್ಣದ ನಾಲಿಗೆಯಿರುವ ಎರಡು ಪೋರ್ಟ್‌ಗಳಿವೆ, ಬಲಗಡೆ ಕಪ್ಪು ಬಣ್ಣದ್ದು ಒಂದಿದೆ. ನಾನು ಮೂರು ಬಾರಿಯೂ ನೀಲಿಯದಕ್ಕೇ ಹಾಕಿದ್ದೆ, ಅದು ವೇಗದ್ದು ಎಂದು ಯಾರೋ ಹೇಳಿದ್ದರು.

ಗೋಣಿಕೊಪ್ಪ ರಿಪೇರಿ
ನೀಲಿಯದು ಯುಎಸ್‌ಬಿ 3, ಕಪ್ಪಿನದು ಯುಎಸ್‌ಬಿ 2. ಕಪ್ಪಿಗೆ ಹಾಕಿ ನೋಡಿ. ನಡುವೆ ಯಾವ ಹಬ್ಬೂ ಬೇಡ, ನೇರವಾಗಿಯೇ ಹಾಕಿ. ನನ್ನ ಮೇಜಿಗೆ ಬಂದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಸಾಲು ಕಂಡಾಗ ನಾನು ಮೊದಲು ಮಾಡುವ ಕೆಲಸವೇ ಪೋರ್ಟ್ ಬದಲಿಸುವುದು.

ಸೋಮವಾರಪೇಟೆ ಕಿತ್ತಳೆ
ಪೋರ್ಟ್ ಒಂದೇ ಕಾರಣ ಎಂದು ಅಷ್ಟು ಖಚಿತವಾಗಿ ಹೇಳಬಾರದು. ನನ್ನ ಯಂತ್ರದಲ್ಲಿ ಇದೇ ಪ್ಯಾನಿಕ್ ಬಂದಾಗ ಪೋರ್ಟ್ ಸರಿಯಾಗಿತ್ತು, ಪೆನ್‌ಡ್ರೈವ್ ಕೆಟ್ಟಿತ್ತು. ಬರೆದು ಮುಗಿಸಿದ ಪೆನ್‌ಡ್ರೈವ್ ಅನ್ನು ವಿಂಡೋಸ್ ಯಂತ್ರದಲ್ಲಿ ಹಾಗೇ ಬಿಟ್ಟಿದ್ದೆ. ಡಿಸ್ಕ್‌ನಲ್ಲಿ ಕಡತಗಳನ್ನು ಇಡಲು ಹೈಕು ಬಳಸುವ ಬಿ ಫೈಲ್ ಸಿಸ್ಟಮ್ ಎಂಬ ಕಡತ ವ್ಯವಸ್ಥೆಯನ್ನು ಓದಲು ವಿಂಡೋಸ್‌ಗೆ ಬರುವುದಿಲ್ಲ, ಅದಕ್ಕೆ ‘ಈ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳುತ್ತದೆ. ನನ್ನ ತಮ್ಮ ಹೌದು ಎಂದು ಒತ್ತಿಬಿಟ್ಟಿದ್ದ. ಲೋಡರ್ ಇರುವ ಚಿಕ್ಕ ಭಾಗ ಉಳಿದುಕೊಂಡಿತ್ತು, ದೊಡ್ಡ ಭಾಗ ಹೋಗಿತ್ತು. ಅಕ್ಕನವರು ಆ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಎಂಬುದನ್ನೂ ಹೇಳಲಿ.

ತೋಟದಮನೆ, ಸುಂಟಿಕೊಪ್ಪ
ಆ ಪ್ರಶ್ನೆ ಬಂದಿತ್ತು, ಬೇಡ ಎಂದು ಒತ್ತಿದ್ದೆ. ಈಗ ಕರೆಂಟ್ ಇಲ್ಲ. ಲೈನ್ ಮೇಲೆ ಮರ ಬಿದ್ದಿದೆಯಂತೆ, ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಕರೆಂಟ್ ಬಂದ ಮೇಲೆ ಕಪ್ಪು ಪೋರ್ಟ್‌ನಲ್ಲಿ ಪ್ರಯತ್ನಿಸಿ ತಿಳಿಸುತ್ತೇನೆ.

ಭಾಗಮಂಡಲ ಮಳೆ
ನಮ್ಮಲ್ಲಿ ಮೂರು ದಿನದಿಂದ ಇಲ್ಲ. ಇನ್‌ಸ್ಟಾಲ್ ಶುರುಮಾಡುವ ಮೊದಲು ಯುಪಿಎಸ್ ಒಂದರ ವ್ಯವಸ್ಥೆ ಮಾಡಿಕೊಳ್ಳಿ.

ಮಡಿಕೇರಿ ಮೇಷ್ಟ್ರು
ಬಿ ಫೈಲ್ ಸಿಸ್ಟಮ್ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಗಳ ದಾಖಲೆ, ಇಟ್ಟುಕೊಳ್ಳುವಂಥದ್ದು, ಆದ್ದರಿಂದ ದಿನನಿತ್ಯದ ಬಳಕೆಯಲ್ಲಿ ಕರೆಂಟ್ ಹೋದರೆ ಕಡತ ವ್ಯವಸ್ಥೆಯ ರಚನೆ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಇನ್‌ಸ್ಟಾಲ್ ಮಧ್ಯದಲ್ಲಿ ಹೋದರೆ ಅರ್ಧ ಕಡತಗಳಷ್ಟೇ ಬಂದಿರುತ್ತವೆ. ಅದನ್ನು ಸರಿಪಡಿಸುತ್ತ ಕೂರಬೇಡಿ, ಪಾರ್ಟಿಷನ್ ಅನ್ನು ಮತ್ತೆ ಇನಿಶಿಯಲೈಸ್ ಮಾಡಿ (ಅಳಿಸಿ ಹೊಸದಾಗಿ ಸಿದ್ಧಪಡಿಸಿ) ಮೊದಲಿನಿಂದ ಶುರುಮಾಡಿ.

ತೋಟದಮನೆ, ಸುಂಟಿಕೊಪ್ಪ
ಸಂಜೆ ಕರೆಂಟ್ ಬಂತು. ಕಪ್ಪು ಪೋರ್ಟ್‌ಗೆ ಹಾಕಿದೆ, ನಾಲ್ಕನೆಯ ಚಿತ್ರ ಒಂದೆರಡು ಕ್ಷಣ ತಡೆದು ಬೆಳಗಿತು, ನಂತರ ರಾಕೆಟ್ ತನಕ ಎಲ್ಲವೂ ಬೆಳಗಿದವು. ಭಾಷೆ ಆರಿಸುವ ಕಿಟಕಿ ಬಂದಾಗ ಮಗಳು ಚಪ್ಪಾಳೆ ತಟ್ಟಿದಳು. ಮೇಷ್ಟ್ರಿಗೂ ಗೋಣಿಕೊಪ್ಪದ ಅಣ್ಣನಿಗೂ ಹೃತ್ಪೂರ್ವಕ ಧನ್ಯವಾದಗಳು.

ಆದರೆ ಮುಂದೆ ಹೋಗಲು ಆಗುತ್ತಿಲ್ಲ. ಇನ್‌ಸ್ಟಾಲರ್‌ನಲ್ಲಿ ಎಲ್ಲಿಗೆ ಹಾಕಬೇಕು ಎಂಬ ಪಟ್ಟಿಯಲ್ಲಿ ನನ್ನ ಹಾರ್ಡ್‌ಡಿಸ್ಕ್ ಕಾಣುವುದೇ ಇಲ್ಲ.

ಕುಶಾಲನಗರ ವಿದ್ಯಾರ್ಥಿ
ಅಲ್ಲಿಯೇ ಇರುವ, ಡಿಸ್ಕ್ ಸಿದ್ಧಪಡಿಸುವ ಡ್ರೈವ್‌ಸೆಟಪ್ ತೆರೆದು, ಡಿಸ್ಕ್ ಆರಿಸಿ, ಇನಿಶಿಯಲೈಸ್ ಕೊಡಿ. ಎರಡು ನಿಮಿಷದ ಕೆಲಸ.

ನಾಪೋಕ್ಲು ಕೃಷಿಕ
ದಯವಿಟ್ಟು ಒಂದು ಕ್ಷಣ ನಿಲ್ಲಿ! ಆ ಎರಡು ನಿಮಿಷದ ಕೆಲಸದಲ್ಲಿ ನಾನು ಎರಡು ವರ್ಷದ ಲೆಕ್ಕ ಕಳೆದುಕೊಂಡಿದ್ದೇನೆ. ಡ್ರೈವ್‌ಸೆಟಪ್‌ನ ಪಟ್ಟಿಯಲ್ಲಿ ಮೇಲಿನ ಸಾಲು ಇಡೀ ಡಿಸ್ಕ್, ಅದರ ಕೆಳಗೆ ಸ್ವಲ್ಪ ಒಳಕ್ಕೆ ಸರಿದಿರುವ ಸಾಲುಗಳು ಪಾರ್ಟಿಷನ್‌ಗಳು. ನಾನು ಗಮನಿಸದೆ ಮೇಲಿನ ಸಾಲನ್ನು ಆರಿಸಿ ಇನಿಶಿಯಲೈಸ್ ಕೊಟ್ಟೆ. ಯಾವ ಬ್ಲಾಕ್‌ನಲ್ಲಿ ಎಷ್ಟು ಕಾಫಿ ಚೆರ್ರಿ, ಎಷ್ಟು ಪಾರ್ಚ್‌ಮೆಂಟ್, ಯಾರಿಗೆ ಎಷ್ಟು ಮುಂಗಡ ಎಂದು ಅಪ್ಪ ಕಾಗದದ ಪುಸ್ತಕದಿಂದ ನೋಡಿ ನೋಡಿ ಕಂಪ್ಯೂಟರ್‌ಗೆ ಏರಿಸಿದ್ದೆಲ್ಲ ಹೋಯಿತು. ಕಾಗದದ ಪುಸ್ತಕಗಳಲ್ಲಿ ಒಂದಕ್ಕೆ ಗೆದ್ದಲು ಹಿಡಿದಿತ್ತು, ಆ ವರ್ಷದ ಲೆಕ್ಕ ಇಂದಿಗೂ ಪೂರ್ತಿಯಾಗಿಲ್ಲ. ಅಕ್ಕ, ಅದು ತೋಟದ ಆಫೀಸಿನ ಯಂತ್ರ ಎಂದಿದ್ದೀರಿ. ಒಳಗಿರುವುದೆಲ್ಲವನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಂಡು, ಆ ನಕಲು ತೆರೆದುಕೊಳ್ಳುತ್ತದೆಯೇ ಎಂದು ಇನ್ನೊಂದು ಯಂತ್ರದಲ್ಲಿ ನೋಡಿದ ಮೇಲೆಯೇ ಮುಂದುವರಿಯಿರಿ.

ಕುಶಾಲನಗರ ವಿದ್ಯಾರ್ಥಿ
ಕ್ಷಮಿಸಿ ಅಣ್ಣ, ನಾನು ಅವಸರಪಟ್ಟೆ. ನೀವು ಹೇಳಿದ್ದು ಸರಿ.

ತೋಟದಮನೆ, ಸುಂಟಿಕೊಪ್ಪ
ನಕಲು ಮಾಡಿ, ಯಜಮಾನರ ಯಂತ್ರದಲ್ಲಿ ಪ್ರತಿಯೊಂದು ವರ್ಷದ ಕಡತವನ್ನೂ ತೆರೆದು ನೋಡಿದೆ. ಡಿಸ್ಕ್ ಪೂರ್ತಿ ಹೈಕುವಿಗೇ ಕೊಡಬಹುದು. ಈಗ ಹೇಗೆ ಮುಂದುವರಿಯಲಿ?

ಸೋಮವಾರಪೇಟೆ ಕಿತ್ತಳೆ
ಡಿಸ್ಕ್ ಪೂರ್ತಿ ನಿಮ್ಮದಾದರೆ ನನ್ನ ಸಲಹೆ ಸರಳವಾಗಿದೆ. ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಲೆಗಸಿ ಬೂಟ್, ಅಂದರೆ ಹಳೆಯ ಬಯಾಸ್ ರೀತಿಯ ಬೂಟ್ ಅನ್ನು ಆರಿಸಿ, ಡ್ರೈವ್‌ಸೆಟಪ್‌ನಲ್ಲಿ ಇಂಟೆಲ್ ಪಾರ್ಟಿಷನ್ ಮ್ಯಾಪ್ (ಪಾರ್ಟಿಷನ್‌ಗಳ ಪಟ್ಟಿಯ ಹಳೆಯ ಬಗೆ) ಮಾಡಿ, ಒಂದೇ ಒಂದು ಬಿ ಫೈಲ್ ಸಿಸ್ಟಮ್ ಪಾರ್ಟಿಷನ್ ರಚಿಸಿ ಅದನ್ನು ಆ್ಯಕ್ಟಿವ್ ಎಂದು ಗುರುತಿಸಿ, ಇನ್‌ಸ್ಟಾಲ್ ಮಾಡಿ. ಕೊನೆಯಲ್ಲಿ ಇನ್‌ಸ್ಟಾಲರ್‌ನ ಟೂಲ್ಸ್ ಮೆನುವಿನಿಂದ ಬೂಟ್ ಸೆಕ್ಟರ್ ಬರೆಯಿರಿ. 2013ರ ಯಂತ್ರಕ್ಕೆ ಯುಇಎಫ್‌ಐ ಗೋಜು ಬೇಕಿಲ್ಲ.

ಮಡಿಕೇರಿ ಮೇಷ್ಟ್ರು
ಇದನ್ನು ನಾನು ಒಪ್ಪುವುದಿಲ್ಲ. ಆ ಯಂತ್ರ ಪೆನ್‌ಡ್ರೈವ್‌ನಿಂದ ಈಗಾಗಲೇ ಯುಇಎಫ್‌ಐ ಮೂಲಕ ಬೂಟ್ ಆಗಿದ್ದರೆ, ಸಾಬೀತಾಗಿರುವ ದಾರಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದೇಕೆ? ಅಕ್ಕನವರು ಸೆಟ್ಟಿಂಗ್‌ನಲ್ಲಿ ಏನಿದೆ ಎಂದು ನೋಡಿ ಹೇಳಲಿ.

ಸೋಮವಾರಪೇಟೆ ಕಿತ್ತಳೆ
ಮೇಷ್ಟ್ರೇ, ಯುಇಎಫ್‌ಐ ದಾರಿಯಲ್ಲಿ ಎರಡು ಪಾರ್ಟಿಷನ್ ಬೇಕು, ಲೋಡರ್ ಕಡತದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಯಂತ್ರ ಏಳುವುದಿಲ್ಲ. ಮೊದಲ ಸಲ ಮಾಡುವವರಿಗೆ ಅದು ಕಷ್ಟ ಎಂಬುದು ನನ್ನ ಅನುಭವ.

ತೋಟದಮನೆ, ಸುಂಟಿಕೊಪ್ಪ
ನೋಡಿದೆ. ಯುಇಎಫ್‌ಐ ಎಂದಿದೆ, ಸೆಕ್ಯೂರ್ ಬೂಟ್ ಡಿಸೇಬಲ್ ಎಂದಿದೆ. ಲೆಗಸಿ ಎಂಬ ಆಯ್ಕೆ ಈ ಯಂತ್ರದಲ್ಲಿ ನನಗೆ ಎಲ್ಲಿಯೂ ಕಾಣುತ್ತಿಲ್ಲ.

ಸೋಮವಾರಪೇಟೆ ಕಿತ್ತಳೆ
ಹಾಗಿದ್ದರೆ ನನ್ನ ವಾದ ಇಲ್ಲಿಗೆ ಮುಗಿಯಿತು, ಮೇಷ್ಟ್ರು ಹೇಳಿದಂತೆ ಮಾಡಿ.

ಮಡಿಕೇರಿ ಮೇಷ್ಟ್ರು
ಸಹಿಯಿಲ್ಲದ ವ್ಯವಸ್ಥೆಗಳು ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಆಗಿರುವುದರಿಂದಲೇ ನೀವು ಇಲ್ಲಿಯವರೆಗೆ ಬಂದಿದ್ದೀರಿ, ಅದನ್ನು ಹಾಗೆಯೇ ಬಿಡಿ. ಈಗ ಡ್ರೈವ್‌ಸೆಟಪ್ ತೆರೆಯಿರಿ. ಪಟ್ಟಿಯಲ್ಲಿ ಗಾತ್ರ ನೋಡಿ ಹಾರ್ಡ್‌ಡಿಸ್ಕ್ ಯಾವುದು, ಪೆನ್‌ಡ್ರೈವ್ ಯಾವುದು ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹಾರ್ಡ್‌ಡಿಸ್ಕ್‌ನ ಮೇಲಿನ ಸಾಲನ್ನು ಆರಿಸಿ ಯುಇಎಫ್‌ಐಗೆ ಹೊಂದುವ ಜಿಯುಐಡಿ ಪಾರ್ಟಿಷನ್ ಮ್ಯಾಪ್ ಆಗಿ ಇನಿಶಿಯಲೈಸ್ ಮಾಡಿ. ನಾಪೋಕ್ಲುವಿನವರು ಎಚ್ಚರಿಸಿದ ಹೆಜ್ಜೆ ಇದೇ, ನಕಲು ಇರುವುದರಿಂದ ಈಗ ಭಯವಿಲ್ಲ. ಆಮೇಲೆ ಖಾಲಿ ಜಾಗದಲ್ಲಿ ಸುಮಾರು 200 ಎಂಬಿಯ ಒಂದು ಚಿಕ್ಕ ಪಾರ್ಟಿಷನ್ ರಚಿಸಿ, ಅದರ ಬಗೆ ಇಎಫ್‌ಐ ಸಿಸ್ಟಮ್ ಡೇಟಾ ಇರಲಿ, ಅದನ್ನು ಫ್ಯಾಟ್ 32 ಆಗಿ ಇನಿಶಿಯಲೈಸ್ ಮಾಡಿ. ಉಳಿದ ಜಾಗವನ್ನೆಲ್ಲ ಬಿ ಫೈಲ್ ಸಿಸ್ಟಮ್‌ಗೆ ಕೊಡಿ. ಇನ್‌ಸ್ಟಾಲರ್‌ನ ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಕಾಣದಿದ್ದುದಕ್ಕೆ ಕಾರಣ ಇಷ್ಟೇ: ಹೈಕು ಕೂರಬಲ್ಲ ಬಿ ಫೈಲ್ ಸಿಸ್ಟಮ್ ಅದರಲ್ಲಿ ಇರಲಿಲ್ಲ.

ಕಡತಗಳ ನಕಲು ಮುಗಿದ ಕೂಡಲೇ ರೀಬೂಟ್ ಮಾಡಬೇಡಿ. ಆ ಚಿಕ್ಕ ಫ್ಯಾಟ್ ಪಾರ್ಟಿಷನ್ ಅನ್ನು ಮೌಂಟ್ ಮಾಡಿ, ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್‌64 ಎಂಬ ಹೆಸರಿನ, ಇಎಫ್‌ಐ ವಿಸ್ತರಣೆಯ ಕಡತ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಪೆನ್‌ಡ್ರೈವ್‌ನಲ್ಲಿಯೂ ಅಂಥದ್ದೇ ಒಂದು ಚಿಕ್ಕ ಪಾರ್ಟಿಷನ್ ಇದೆ, ಅಲ್ಲಿನ ಇಎಫ್‌ಐ ಫೋಲ್ಡರನ್ನು ಇಡಿಯಾಗಿ ಎಳೆದು ತಂದು ಇಲ್ಲಿಗೆ ಹಾಕಿ. ಹೀಗೆ ಮಾಡಿದರೆ ಹೆಸರು ಟೈಪ್ ಮಾಡುವ ಪ್ರಮೇಯವೇ ಬರುವುದಿಲ್ಲ, ಕಿತ್ತಳೆಯವರು ಹೇಳಿದ ಒಂದಕ್ಷರದ ತಪ್ಪಿಗೂ ಅವಕಾಶವಿರುವುದಿಲ್ಲ.

ಗೋಣಿಕೊಪ್ಪ ರಿಪೇರಿ
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಇನ್‌ಸ್ಟಾಲ್ ಆದ ಮೇಲೆ ಹಾರ್ಡ್‌ಡಿಸ್ಕ್‌ನಿಂದ ಬೂಟ್ ಮಾಡುವಾಗ ಮತ್ತೆ ನಾಲ್ಕನೆಯ ಚಿತ್ರದಲ್ಲೇ ನಿಂತರೆ, ಸೆಟ್ಟಿಂಗ್‌ನಲ್ಲಿ ಸಾಟಾ ಮೋಡ್ (ಯಂತ್ರ ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ರೀತಿ) ರೇಡ್ ಎಂದಿದೆಯೇ ನೋಡಿ, ಇದ್ದರೆ ಎಎಚ್‌ಸಿಐಗೆ ಬದಲಿಸಿ. ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಂಡಿರುವವರು ಇದನ್ನು ಹಾಗೇ ಬದಲಿಸಬಾರದು, ಅವರ ವಿಂಡೋಸ್ ಬೂಟ್ ಆಗುವುದು ನಿಂತುಹೋಗಬಹುದು.

ಇನ್ನೊಂದು ಮಾತು. ಪ್ರತಿ ಸಲವೂ ಬೇರೆ ಬೇರೆ ಚಿತ್ರದ ಬಳಿ, ಬೇರೆ ಬೇರೆ ಪ್ಯಾನಿಕ್ ಸಾಲಿನೊಂದಿಗೆ ನಿಲ್ಲುವ ಯಂತ್ರಗಳೂ ನನ್ನಲ್ಲಿಗೆ ಬರುತ್ತವೆ. ಅಂಥಲ್ಲಿ ನಾನು ಹೈಕುವನ್ನು ಮುಟ್ಟುವುದೇ ಇಲ್ಲ, ಹಿಂದಿನ ಮುಚ್ಚಳ ಬಿಚ್ಚಿ ರ‍್ಯಾಮ್ ತೆಗೆಯುತ್ತೇನೆ. ಕಕ್ಕಡದ ಮಳೆಯಲ್ಲಿ ಕಪಾಟಿನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ನಮ್ಮದು, ರ‍್ಯಾಮ್‌ನ ಹಿತ್ತಾಳೆ ಬಣ್ಣದ ಅಂಚು ಮಬ್ಬಾಗಿ ಕಪ್ಪು ಚುಕ್ಕೆ ಬಂದಿರುತ್ತದೆ. ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಒಂದೇ ದಿಕ್ಕಿನಲ್ಲಿ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಒರೆಸಿ, ಟಕ್ ಎಂದು ಕೂರುವ ಹಾಗೆ ಮತ್ತೆ ಹಾಕಿದರೆ ಎಷ್ಟೋ ಯಂತ್ರಗಳು ಸರಿಯಾಗಿವೆ. ಆಗಲೂ ಸಂದೇಹ ಉಳಿದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ.

ವಿರಾಜಪೇಟೆ ಓದುಗ
ಇಷ್ಟು ವಿವರವಾಗಿ ಉತ್ತರಿಸುವವರು ನಮ್ಮ ಜಿಲ್ಲೆಯಲ್ಲಿಯೇ ಇದ್ದಾರೆ ಎಂದು ತಿಳಿದು ಸಂತೋಷವಾಯಿತು. ಲೆಕ್ಕಪತ್ರಕ್ಕೆ ಬೀಟಾ ವ್ಯವಸ್ಥೆಯನ್ನು ನೆಚ್ಚಬಾರದು ಎಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ನಾಪೋಕ್ಲು ಕೃಷಿಕ
ಅದನ್ನು ನಾನೂ ಒಪ್ಪುತ್ತೇನೆ.

ತೋಟದಮನೆ, ಸುಂಟಿಕೊಪ್ಪ
ಇನ್‌ಸ್ಟಾಲ್ ಆಯಿತು. ಚಿಕ್ಕ ಪಾರ್ಟಿಷನ್ ತೆರೆದು ನೋಡಿದಾಗ ಅದು ಖಾಲಿಯಾಗಿತ್ತು, ಪೆನ್‌ಡ್ರೈವ್‌ನಿಂದ ಇಎಫ್‌ಐ ಫೋಲ್ಡರನ್ನು ಎಳೆದು ಹಾಕಿದೆ. ಪೆನ್‌ಡ್ರೈವ್ ಕಿತ್ತು ಆನ್ ಮಾಡಿದರೆ ಹಾರ್ಡ್‌ಡಿಸ್ಕ್‌ನಿಂದಲೇ ಏಳೂ ಚಿತ್ರಗಳು ಬೆಳಗಿ ಡೆಸ್ಕ್‌ಟಾಪ್ ಬಂತು. ಮಗಳು ಮೊಬೈಲ್‌ನಲ್ಲಿ ಸಮಯ ಹಿಡಿದಳು, ಇಪ್ಪತ್ತಾರು ಸೆಕೆಂಡ್.

ಉಳಿದಿರುವುದು ಎರಡು ಪ್ರಶ್ನೆಗಳು. ವೈಫೈ ಕಾಣುತ್ತಿಲ್ಲ. ಎರಡನೆಯದು, ಅವಳು ಒಂದು ಕಡತಕ್ಕೆ ‘ಅಕ್ಷರ’ ಎಂದು ಕನ್ನಡದಲ್ಲಿ ಹೆಸರಿಟ್ಟು ಮೊಬೈಲ್‌ನಿಂದ ತಂದರೆ, ಡೆಸ್ಕ್‌ಟಾಪ್‌ನಲ್ಲಿ ಕಕಾರ, ಷಕಾರಗಳು ಬೇರೆಯಾಗಿ ನಿಂತು ಒತ್ತು ಕೂಡುತ್ತಲೇ ಇಲ್ಲ.

ಕುಶಾಲನಗರ ವಿದ್ಯಾರ್ಥಿ
ಅಕ್ಕ, ವೈಫೈ ಚಿಪ್ ಬ್ರಾಡ್‌ಕಾಮ್‌ನದೇ ಎಂದು ನೋಡಿ. ಕೆಲವು ಚಿಪ್‌ಗಳ ಫರ್ಮ್‌ವೇರ್ ಅನ್ನು (ಚಿಪ್ ನಡೆಯಲು ಬೇಕಾದ ತಂತ್ರಾಂಶ) ಪರವಾನಗಿಯ ಕಾರಣಕ್ಕೆ ಹೈಕು ಜೊತೆಯಲ್ಲಿ ಕೊಡಲು ಆಗುವುದಿಲ್ಲ, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ್ಯಂಡ್ರಾಯ್ಡ್ ಮೊಬೈಲ್ ಅನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಮೊಬೈಲ್‌ನ ಇಂಟರ್ನೆಟ್ ಅನ್ನು ಯಂತ್ರಕ್ಕೆ ಕೊಡುವ ಟೆದರಿಂಗ್ ಆನ್ ಮಾಡಿ. ಈ ಸಲ ನಾನು ನನ್ನ ಯಂತ್ರದಲ್ಲಿ ಮಾಡಿ ನೋಡಿದ ಮೇಲೆಯೇ ಬರೆಯುತ್ತಿದ್ದೇನೆ.

ಮಡಿಕೇರಿ ಮೇಷ್ಟ್ರು
ಒತ್ತಕ್ಷರದ ವಿಷಯದಲ್ಲಿ ನಿಮ್ಮ ಇನ್‌ಸ್ಟಾಲ್ ತಪ್ಪಿಲ್ಲ. ಕನ್ನಡದಂಥ ಲಿಪಿಯಲ್ಲಿ ಅಕ್ಷರಗಳನ್ನು ಕೂಡಿಸಿ ಹೊಸ ಆಕಾರ ಕೊಡುವ ಕೆಲಸವನ್ನು ಹೈಕುವಿನ ಮೂಲ ಪಠ್ಯ ಚಿತ್ರಣ ಇನ್ನೂ ಮಾಡುವುದಿಲ್ಲ, ಫಾಂಟ್ ಬದಲಿಸಿದರೂ ಅದು ಸರಿಹೋಗದು. ಕಡತದ ಒಳಗಿನ ಅಕ್ಷರಗಳಿಗೆ ಏನೂ ಆಗಿರುವುದಿಲ್ಲ, ಮೊಬೈಲ್‌ಗೆ ಮರಳಿ ಕಳಿಸಿದರೆ ಸರಿಯಾಗಿಯೇ ಕಾಣುತ್ತದೆ. ನಮ್ಮ ಭಾಷೆಗೆ ಇದು ದೊಡ್ಡ ಕೊರತೆ. ಇದನ್ನು ಅವರ ದೋಷಗಳ ಪಟ್ಟಿಯಲ್ಲಿ ಕನ್ನಡದ ಉದಾಹರಣೆಯ ಚಿತ್ರದೊಂದಿಗೆ ತಿಳಿಸುವುದು ನಮ್ಮಂಥವರ ಕೆಲಸ. ಮಗಳು ಹೆಸರಿಟ್ಟ ಆ ಕಡತದ ಸ್ಕ್ರೀನ್‌ಶಾಟ್ ಕಳಿಸಿಕೊಡಿ, ನಾನು ಬರೆಯುತ್ತೇನೆ.

ತೋಟದಮನೆ, ಸುಂಟಿಕೊಪ್ಪ
ಟೆದರಿಂಗ್ ಕೆಲಸ ಮಾಡಿತು, ಈ ಸಾಲುಗಳನ್ನು ಅದೇ ಯಂತ್ರದಿಂದ ಕಳಿಸುತ್ತಿದ್ದೇನೆ. ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡಿದ್ದನ್ನು ಇಲ್ಲಿಗೆ ಅಂಟಿಸಿದೆ. ಸ್ಕ್ರೀನ್‌ಶಾಟ್ ಅನ್ನು ಮಗಳೇ ತೆಗೆದು ಕಳಿಸುತ್ತಾಳಂತೆ.

ಪೊನ್ನಂಪೇಟೆ ಏಲಕ್ಕಿ
ಈ ಚರ್ಚೆಯನ್ನು ಮೊದಲಿನಿಂದ ಓದಿ ನಾನೂ ಪ್ರಯತ್ನಿಸಿದೆ. ನನ್ನದು ರಾಕೆಟ್ ತನಕ ಬಂದು, ಆಮೇಲೆ ಪರದೆ ಪೂರ್ತಿ ಕಪ್ಪಾಗುತ್ತದೆ. ಪೋರ್ಟ್ ಕಪ್ಪಿನದೇ, ಮೊತ್ತವೂ ತಾಳೆಯಾಗಿದೆ.

ಗೋಣಿಕೊಪ್ಪ ರಿಪೇರಿ
ರಾಕೆಟ್ ಬೆಳಗಿದ್ದರೆ ಡಿಸ್ಕ್ ಸಿಕ್ಕಿದೆ, ಗ್ರಾಫಿಕ್ಸ್ ಡ್ರೈವರ್ ಮೇಲೆ ನನಗೆ ಅನುಮಾನ. ಬೂಟ್ ಆಗುವಾಗ ಶಿಫ್ಟ್ ಒತ್ತಿ ಹಿಡಿಯಿರಿ, ಯುಇಎಫ್‌ಐ ಯಂತ್ರವಾದರೆ ಸ್ಪೇಸ್ ಅನ್ನು ಮತ್ತೆ ಮತ್ತೆ ಒತ್ತಿ. ಲೋಡರ್‌ನ ಮೆನು ಬರುತ್ತದೆ, ಅದರ ಸೇಫ್ ಮೋಡ್ ಆಯ್ಕೆಗಳಲ್ಲಿ ಫೇಲ್‌ಸೇಫ್ ಗ್ರಾಫಿಕ್ಸ್ ಡ್ರೈವರ್ ಎಂಬುದನ್ನು ಗುರುತಿಸಿ ಮುಂದುವರಿಯಿರಿ. ಅದರಲ್ಲಿಯೂ ಕಪ್ಪಾದರೆ ಅದೇ ಮೆನುವಿನ ಡೀಬಗ್ ಆಯ್ಕೆಗಳಲ್ಲಿ ಪರದೆಯ ಮೇಲೆ ಸಾಲುಗಳನ್ನು ತೋರಿಸುವುದನ್ನು ಆನ್ ಮಾಡಿ, ಕೊನೆಯ ಪರದೆಯ ಫೋಟೋ ತೆಗೆದು ಇಲ್ಲಿ ಹಾಕಿ. ಯಾವ ವರ್ಷದ ಯಂತ್ರ, ಯಾವ ಗ್ರಾಫಿಕ್ಸ್ ಎಂಬುದನ್ನೂ ಬರೆಯಿರಿ.

ಪೊನ್ನಂಪೇಟೆ ಏಲಕ್ಕಿ
ಇಲ್ಲೀಗ ಕರೆಂಟ್ ಇಲ್ಲ ಅಣ್ಣ, ಬಂದ ಕೂಡಲೇ ನೋಡಿ ಫೋಟೋ ಹಾಕುತ್ತೇನೆ.